ಗಾಳ ಎಲ್ಲಿದೆ, ಹೇಳಿ ನೋಡೋಣ!

ಈ ಮೆಸೇಜು ಓದಿ. “ಪ್ರಿಯ ಗ್ರಾಹಕರೇ, ಕಳೆದ ತಿಂಗಳ ಬಿಲ್ ಅಪ್‌ಡೇಟ್ ಆಗಿಲ್ಲ. ಇಂದು ರಾತ್ರಿ 9.30ಕ್ಕೆ ನಿಮ್ಮ ಕರೆಂಟ್ ಕಟ್. ಕೂಡಲೇ ನಮ್ಮ ವಿದ್ಯುತ್ ಅಧಿಕಾರಿಗೆ ಫೋನ್ ಮಾಡಿ.” 2022ರಲ್ಲಿ ಮುಂಬೈಯ ಮೊಬೈಲುಗಳಿಗೆ ಇಂಥವು ಇಂಗ್ಲಿಷಿನಲ್ಲಿ ಬಂದು ಬೀಳುತ್ತಿದ್ದವು. ಮೋಸದ ಗುರುತು ಎಲ್ಲಿದೆ? ಹುಡುಕಿ!

ತಪ್ಪು ಇಂಗ್ಲಿಷು ಅಂತೀರಾ? ಅಲ್ಲ! ಅಸಲಿ ಆಫೀಸುಗಳ ಇಂಗ್ಲಿಷೂ ಎಷ್ಟೋ ಸಲ ಹಾಗೇ ಇರುತ್ತದೆ ಬಿಡಿ.

ಗುರುತು ಇದು: ಆ ಮೆಸೇಜಿನಲ್ಲಿ ಕಂಪನಿಯ ಹೆಸರೇ ಇಲ್ಲ!

ಈ ಮಹಾನಗರಕ್ಕೆ ಕರೆಂಟು ಕೊಡುವವರು ಒಬ್ಬರಲ್ಲ. ಕೊಲಾಬಾದಲ್ಲಿ ಬೆಸ್ಟ್. ಅಂಧೇರಿಯಲ್ಲಿ ಅದಾನಿ, ಟಾಟಾ. ಮುಲುಂಡ್, ಡೊಂಬಿವಲಿಯಲ್ಲಿ ಮಹಾವಿತರಣ. ನೀವು ಯಾರ ಗಿರಾಕಿ? ಕಳ್ಳನಿಗೆ ಗೊತ್ತಿಲ್ಲ! ಅದಕ್ಕೇ ಬರೀ “ವಿದ್ಯುತ್ ಅಧಿಕಾರಿ”. ಒಂದೇ ಗಾಳ, ನಾಲ್ಕೂ ಕೆರೆಗೆ!

ಇನ್ನು ಆ ಸಮಯ! ರಾತ್ರಿ ಒಂಬತ್ತೂವರೆ. ಬಿಲ್ ಕೌಂಟರ್ ಮುಚ್ಚಿರುವ ಹೊತ್ತು. ವಿಚಾರಿಸೋಣವೆಂದರೆ ಕಣ್ಣೆದುರಿಗಿರುವುದು ಅದೊಂದೇ ನಂಬರು. ಕಳ್ಳನಾದರೂ ತಲೆಗೆ ಶಹಬ್ಬಾಸ್ ಅನ್ನಬೇಕು.

ಕಳಿಸಿದವರ ನಂಬರು ನೋಡಿದಿರಾ? ಹತ್ತು ಅಂಕಿಯ ಮಾಮೂಲು ಮೊಬೈಲ್! ಅಸಲಿ ಕಂಪನಿ, ಬ್ಯಾಂಕುಗಳ ಎಸ್ಸೆಮ್ಮೆಸ್ ಬರುವುದು ನೋಂದಾಯಿಸಿದ ಹೆಸರಿನಿಂದ. 2025ರಿಂದ ಆ ಹೆಸರಿಗೊಂದು ಬಾಲವೂ ಇದೆ. ಜಾಹೀರಾತಿಗೆ ಪಿ. ಸೇವೆಗೆ ಎಸ್. ವಹಿವಾಟಿಗೆ ಟಿ. ಸರ್ಕಾರದ್ದಾದರೆ ಜಿ. ಈಗಲೇ ಇನ್‌ಬಾಕ್ಸ್ ತೆರೆಯಿರಿ. ಇಷ್ಟು ದಿನ ಕಣ್ಣೆದುರೇ ಇತ್ತು!

2023ರ ಮಾರ್ಚ್‌ಗೆ ಬನ್ನಿ. “ಪ್ಯಾನ್ ಅಪ್‌ಡೇಟ್ ಮಾಡಿ, ಇಲ್ಲವಾದರೆ ಖಾತೆ ಬಂದ್” ಎಂಬ ಲಿಂಕು. ಒತ್ತಿದರೆ ಥೇಟ್ ಬ್ಯಾಂಕಿನದೇ ಎನ್ನಿಸುವ ನಕಲಿ ಪುಟ. ಪಾಸ್‌ವರ್ಡ್, ಒಟಿಪಿ ಎಲ್ಲ ಗ್ರಾಹಕರೇ ತುಂಬಿದರು! ಮುಂಬೈಯಲ್ಲಿ ಒಂದೇ ಖಾಸಗಿ ಬ್ಯಾಂಕಿನ ಎಷ್ಟು ಗ್ರಾಹಕರು ದುಡ್ಡು ಕಳಕೊಂಡರು? ಐದು? ಹತ್ತು? ಕನಿಷ್ಠ 40! ಎಷ್ಟು ದಿನದಲ್ಲಿ? ಮೂರೇ ಮೂರು!

ಲಿಂಕೇ ಒತ್ತುವುದಿಲ್ಲ ಅನ್ನುವವರು ಮಾಹಿಮ್‌ನ ಬಟ್ಟೆ ವ್ಯಾಪಾರಿಯ ಕಥೆ ಕೇಳಿ. 2018ರ ಡಿಸೆಂಬರ್ ಕೊನೆ. ರಾತ್ರಿ ಆರು ಮಿಸ್ಡ್ ಕಾಲ್. ಅಷ್ಟೇ! ಬೆಳಿಗ್ಗೆ ನೋಡಿದರೆ ಸಿಮ್ ಸತ್ತಿದೆ. ಅವರ ನಂಬರು ಇನ್ಯಾರದೋ ಸಿಮ್ಮಿಗೆ ಹಾರಿದೆ. ಒಟಿಪಿಗಳೂ ಅಲ್ಲಿಗೇ! 28 ವಹಿವಾಟು. ಖಾತೆಯಿಂದ ಹೋದದ್ದು? 1.86 ಕೋಟಿ ರೂಪಾಯಿ!

ಇಲ್ಲಿ ಗುರುತು ಯಾವುದು? ಸದ್ದಲ್ಲ, ಮೌನ! ಇದ್ದಕ್ಕಿದ್ದಂತೆ ನೆಟ್‌ವರ್ಕ್ ಮಾಯವಾಗಿ, ಪಕ್ಕದವರ ಫೋನಿನಲ್ಲಿ ಅದೇ ಕಂಪನಿಯ ಸಿಗ್ನಲ್ ಇದ್ದರೆ ಎದ್ದು ಓಡಿ. ಅವರ ಫೋನಿನಿಂದಲೇ ಮೊದಲು ಬ್ಯಾಂಕಿಗೆ ಕರೆ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ!

ನನ್ನನ್ನು ಬೆಚ್ಚಿಬೀಳಿಸಿದ್ದು ಮಾತ್ರ ಬೇರೆಯೇ. 2017ರಲ್ಲಿ ಶುಡಾಂಗ್ ಝೆಂಗ್ ಎಂಬ ಸಂಶೋಧಕ ಆ್ಯಪಲ್ ಕಂಪನಿಯ ವಿಳಾಸವನ್ನೇ ಹೋಲುವ ಒಂದು ವಿಳಾಸ ಮಾಡಿ ತೋರಿಸಿದ. ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಕಾಗುಣಿತದ ಒಂದು ತಪ್ಪೂ ಕಾಣದು! ಹೇಗೆ? ಹೆಸರಿನ ಎಲ್ಲ ಅಕ್ಷರಗಳೂ ರಷ್ಯನ್ ಬರೆಯುವ ಸಿರಿಲಿಕ್ ಲಿಪಿಯವು! ನಮ್ಮ ‘ಒ’ ಮತ್ತು ತೆಲುಗಿನ ‘ಒ’ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ತಾನೆ? ಕಂಪ್ಯೂಟರಿಗೆ ಕನ್ನಡದ್ದು 3218, ತೆಲುಗಿನದು 3090! ಕ್ರೋಮ್ ಆಮೇಲೆ ಆ ಕಿಂಡಿ ಮುಚ್ಚಿತು ಅನ್ನಿ.

ಈಗ ಮುಂಬೈಯ ಮಿಂಟ್ ರಸ್ತೆಯಿಂದಲೇ ಬಂದಿದೆ ಎದುರೇಟು. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತು. ಬ್ಯಾಂಕುಗಳ ಹೊರತು ಅದು ಯಾರಿಗೂ ಸಿಗದು!

ಹಾಗಾದರೆ ವಿಳಾಸದ ನಡುವೆ ‘ಬ್ಯಾಂಕ್ ಡಾಟ್ ಇನ್’ ಇದ್ದು, ಅದರ ಬೆನ್ನಿಗೆ ಇನ್ನೊಂದು ಹೆಸರು, ಒಂದು ‘ಡಾಟ್ ಕಾಮ್’ ಅಂಟಿಕೊಂಡಿದ್ದರೆ? ಶುರುವಿನ ‘https://’ ಬಿಟ್ಟು, ಮೊದಲ ಓರೆಗೆರೆಯ ತನಕದ್ದನ್ನು ಬಲದಿಂದ ಓದಿ. ‘ಡಾಟ್ ಕಾಮ್’ ದಾಟಿದ ಮೇಲೆ ಮೊದಲು ಸಿಗುವ ಹೆಸರಿನವನೇ ಯಜಮಾನ. ಬ್ಯಾಂಕು ಅಲ್ಲವೇ ಅಲ್ಲ!