ವಿಭಕ್ತಿ ಬಾಯಿಪಾಠ, ವಾಕ್ಯ ತಡಕಾಟ

ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಕನ್ನಡ ಶಾಲೆಯಲ್ಲಿ ಓದಿದವರನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಐದನೆಯದನ್ನು ಮಾತ್ರ ಯಾರೂ ಬಳಸುವುದಿಲ್ಲ. ಹಣ್ಣು ಬೀಳುವುದು ಮರದಿಂದಲೇ ಹೊರತು ಮರದ ದೆಸೆಯಿಂದ ಅಲ್ಲ. ತೃತೀಯೆಯ ‘ಇಂದ’ವೇ ಪಂಚಮಿಯ ಕೆಲಸವನ್ನೂ ಮಾಡಿ ಮುಗಿಸಿರುತ್ತದೆ. ಸಂಸ್ಕೃತದ ಕೋಷ್ಟಕದಲ್ಲಿ ಒಂದು ಮನೆ ಖಾಲಿ ಉಳಿಯಬಾರದೆಂದು ತಂದು ಕೂರಿಸಿದ ಪ್ರತ್ಯಯ ಇದು. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಡಿ.ಎನ್. ಶಂಕರ ಭಟ್ಟರು ಪುಸ್ತಕವನ್ನೇ ಬರೆದರು. ವಿದ್ವಾಂಸರು ಬೇಕಾದಷ್ಟು ಜಗಳವಾಡಿದರು. ತರಗತಿಯಲ್ಲಿ ‘ದೆಸೆಯಿಂದ’ ಹಾಗೇ ಉಳಿಯಿತು.

ಇದಕ್ಕೆ ಮೇಷ್ಟ್ರನ್ನು ದೂರಿ ಫಲವಿಲ್ಲ. ಟಿಸಿಎಚ್‌ನಲ್ಲೋ ಡಿ.ಇಡಿಯಲ್ಲೋ ಅವರ ಕೈಗೆ ಬಂದದ್ದೂ ಇದೇ ಪಟ್ಟಿ. ಸಂಧಿ ಬಿಡಿಸುವುದು, ಸಮಾಸ ಹೆಸರಿಸುವುದು, ಷಟ್ಪದಿಗೆ ಪ್ರಸ್ತಾರ ಹಾಕುವುದು ಇವಕ್ಕೆ ಎಸ್ಸೆಸ್ಸೆಲ್ಸಿ ಪತ್ರಿಕೆಯಲ್ಲಿ ಅಂಕವೂ ಉಂಟು. ಮಗು ಬರೆದ ವಾಕ್ಯದೊಳಗೆ ವ್ಯಾಕರಣವನ್ನು ಕಾಣುವುದು ಹೇಗೆ ಎಂದು ತೋರಿಸಿಕೊಟ್ಟವರು ಮಾತ್ರ ಕಡಿಮೆ. ಓದು-ಬರಹ ಕಲಿಸುವ ತರಬೇತಿ ಕೆಲಸಕ್ಕೆ ಬರುವುದು ಇಲ್ಲೇ.

ಐದನೇ ತರಗತಿಯ ಮಗುವೊಂದು ‘ಅಪ್ಪ ಬೈದು ನಾನು ಅತ್ತೆ’ ಎಂದು ಬರೆದಿದೆ ಅನ್ನಿ. ಕೆಂಪು ಪೆನ್ನು ‘ಬೈದು’ವಿಗೆ ಸುತ್ತು ಹಾಕಿ, ಮೇಲೆ ‘ಬೈದಿದ್ದರಿಂದ’ ಎಂದು ಬರೆದು ಮುಂದೆ ಹೋಗುತ್ತದೆ. ಮಗು ತಿದ್ದಿ ಬರೆಯುತ್ತದೆ. ಮುಂದಿನ ವಾರ ಅದೇ ತಪ್ಪು. ಅದರ ಬದಲು ‘ಬೈದದ್ದು ಯಾರು, ಅತ್ತದ್ದು ಯಾರು?’ ಎಂದು ಕೇಳಿ, ‘ಅಪ್ಪ ಬೈದು ಹೊರಗೆ ಹೋದರು’ ಎಂಬ ವಾಕ್ಯವನ್ನು ಪಕ್ಕದಲ್ಲಿ ಬರೆದರೆ? ಎರಡೂ ಕೆಲಸ ಒಬ್ಬರದ್ದೇ ಆದಾಗ ‘ಬೈದು’ ಹೊಂದುತ್ತದೆ, ಬೇರೆ ಬೇರೆಯವರದ್ದಾದಾಗ ತೊಡಕುತ್ತದೆ ಎಂಬುದು ಮಕ್ಕಳ ಕಣ್ಣಿಗೇ ಬೀಳುತ್ತದೆ. ಅಷ್ಟರಲ್ಲಿ ಹಿಂದಿನ ಬೆಂಚಿನ ಚುರುಕು ಹುಡುಗಿ ಕೇಳಬಹುದು: ‘ಸಾರ್, ಮಳೆ ಬಂದು ಕೆರೆ ತುಂಬಿತು ಅಂತೀವಲ್ಲ?’ ಬಂದದ್ದು ಮಳೆ, ತುಂಬಿದ್ದು ಕೆರೆ, ಆದರೂ ವಾಕ್ಯ ಸರಿಯಾಗಿಯೇ ಇದೆ! ಯಾರೂ ಬೇಕೆಂದು ಮಾಡದೆ, ಒಂದರ ಹಿಂದೆ ಒಂದು ತಾನಾಗಿ ಆಗುವ ಸಂಗತಿಗಳಿಗೆ ಕನ್ನಡ ಈ ಸಲಿಗೆ ಕೊಡುತ್ತದೆ. ‘ಬೈದು’, ‘ಬಂದು’ ಇಂಥ ರೂಪಗಳಿಗಿರುವ ‘ಕೃದಂತಾವ್ಯಯ’ ಎಂಬ ಹೆಸರು ಮಾತ್ರ ಗೊತ್ತಿದ್ದವರು ಇಲ್ಲಿ ‘ಕೂತ್ಕೋ’ ಅಂದುಬಿಡುತ್ತಾರೆ.

ವ್ಯಾಕರಣವನ್ನು ಮಗುವಿನ ಬರವಣಿಗೆಯೊಳಗೇ ಕಲಿಸಬೇಕೆಂಬ ಮಾತಿಗೆ ಇಂಗ್ಲೆಂಡಿನಿಂದ ಒಂದಿಷ್ಟು ಪುರಾವೆ ಸಿಗುತ್ತದೆ. ವ್ಯಾಕರಣದ ಬಿಡಿ ಪಾಠಗಳಿಂದ ಬರವಣಿಗೆ ಸುಧಾರಿಸುವುದಿಲ್ಲ, ಕೆಡಲೂಬಹುದು ಎಂದು ಅಮೆರಿಕದ ವರದಿಯೊಂದು 1963ರಲ್ಲೇ ಹೇಳಿತ್ತು. ಎಕ್ಸೆಟರ್ ವಿಶ್ವವಿದ್ಯಾಲಯದ ಡೆಬ್ರಾ ಮೈಹಿಲ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ವ್ಯಾಕರಣವನ್ನು ಬರವಣಿಗೆಯ ಪಾಠದೊಳಗೇ ಹೆಣೆದು 31 ಶಾಲೆಗಳಲ್ಲಿ ಪ್ರಯೋಗ ಮಾಡಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರವಣಿಗೆ ಸುಧಾರಿಸಿತ್ತು. ಆದರೆ ಲಾಭ ಎಲ್ಲರಿಗೂ ಸಮನಾಗಿರಲಿಲ್ಲ. ಮೊದಲೇ ಚೆನ್ನಾಗಿ ಬರೆಯುತ್ತಿದ್ದ ಮಕ್ಕಳಿಗೆ ಹೆಚ್ಚು ದಕ್ಕಿತು. ಶಿಕ್ಷಕರಿಗೆ ಭಾಷೆಯ ಒಳರಚನೆ ಎಷ್ಟು ಗೊತ್ತಿದೆ ಎಂಬುದೂ ಲೆಕ್ಕಕ್ಕೆ ಬಂತು. ಮುಂದೆ ಅದೇ ದೇಶದಲ್ಲಿ ಎರಡನೇ ತರಗತಿಯ ಪುಟ್ಟ ಮಕ್ಕಳ ಮೇಲೆ ನಡೆದ ಮತ್ತೊಂದು ವ್ಯಾಕರಣ ಪ್ರಯೋಗದಲ್ಲಿ ಹೇಳಿಕೊಳ್ಳುವಂಥ ಫಲವೇನೂ ಕಾಣಲಿಲ್ಲ. ಅಲ್ಲಿನ ಸರ್ಕಾರ 2013ರಿಂದ ಆರನೇ ತರಗತಿಗೆ ವ್ಯಾಕರಣ ಪರೀಕ್ಷೆ ತಂದ ಮೇಲೆ ಅಲ್ಲಿಯ ಮಕ್ಕಳೂ ಪರಿಭಾಷೆ ಉರುಹೊಡೆಯುತ್ತಿದ್ದಾರೆಂಬ ದೂರು ಎದ್ದಿದೆ. ನಮಗೇನೂ ಹೊಸದಲ್ಲ.

ಪುಟ್ಟ ಮಕ್ಕಳಲ್ಲಿ ಫಲ ಕಾಣಲಿಲ್ಲವೆಂಬ ಆ ವಯಸ್ಸಿನ ಮಾತು ಕನ್ನಡಕ್ಕೆ ಇನ್ನೂ ಹೆಚ್ಚು ಹೊಂದುತ್ತದೆ. ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತು ಹಿಡಿಯಬೇಕಾದ ರೂಪಗಳು ನೂರಾರು. ಈ ಅಕ್ಷರಗಳು ಪೂರ್ತಿ ಕೈಗೆ ಹತ್ತಲು ನಾಲ್ಕೈದು ವರ್ಷ ಹಿಡಿಯುತ್ತದೆಂದು ಬೆಂಗಳೂರಿನ ಸೋನಾಲಿ ನಾಗ್ ಅವರ ಅಧ್ಯಯನ ತೋರಿಸಿದೆ. ಮನೆಯಲ್ಲಿ ತುಳುವೋ ಲಂಬಾಣಿಯೋ ಉರ್ದುವೋ ಆಡುವ ಮಗುವಿನ ಪಾಡು ಬೇರೆ. ಒತ್ತಿನ ಎದುರು ತಡವರಿಸುವ ಮಗುವಿಗೆ ಲೋಪ, ಆಗಮ, ಆದೇಶ ಎಂದು ಸಂಧಿಗಳ ಹೆಸರು ಬರೆಸಿದರೆ ತಲೆಗೆ ಹೋಗುವುದೇನು? ಯಾವ ಮಗು ಎಲ್ಲಿ ನಿಂತಿದೆ ಎಂದು ಗುರುತಿಸುವುದೇ ಓದು-ಬರಹದ ತರಬೇತಿಯಲ್ಲಿ ಶಿಕ್ಷಕರು ಮೊದಲು ಕಲಿಯಬೇಕಾದದ್ದು.

ತರಬೇತಿಗಳಿಗೇನೂ ಬರವಿಲ್ಲ. ವರ್ಷಕ್ಕೆ 50 ಗಂಟೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ. ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯುವಷ್ಟರಲ್ಲಿ ಸಂಪನ್ಮೂಲ ವ್ಯಕ್ತಿಯ ಪಿಪಿಟಿ ಉಳಿಯುತ್ತದೆ, ವಿಷಯ ಸೋರಿಹೋಗಿರುತ್ತದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಬೋಧನಾ ಪದ್ಧತಿ ಶುರುವಾದಾಗ ಹೀಗಿರಲಿಲ್ಲ. ಶಿಕ್ಷಕರು ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಕಲಿಕೆಯ ಕಾರ್ಡುಗಳನ್ನು ತಾವೇ ಕೂತು ಮಾಡಿದ್ದರು. ವ್ಯಾಕರಣಕ್ಕೂ ಅಂಥದ್ದೇ ಕೂಟ ಬೇಕು. ಸಾಮಗ್ರಿ ಸಿದ್ಧವಾಗಿಯೇ ಇದೆ: ಪ್ರತಿ ಶಾಲೆಯ ಬೀರುವಿನಲ್ಲಿರುವ ಮಕ್ಕಳ ನೋಟ್‌ಬುಕ್ಕಿನ ಕಟ್ಟು. ಕ್ಲಸ್ಟರ್ ಸಮಾಲೋಚನಾ ಸಭೆಗೆ ಒಬ್ಬೊಬ್ಬರು ನಾಲ್ಕು ಪುಸ್ತಕ ತಂದು, ಒಂದೇ ಬಗೆಯ ತಪ್ಪುಗಳನ್ನು ಒಟ್ಟಿಗಿಟ್ಟು, ಮಗು ಯಾವ ನಿಯಮ ಊಹಿಸಿಕೊಂಡು ಹೀಗೆ ಬರೆದಿರಬಹುದೆಂದು ಚರ್ಚಿಸಿದರೆ ಅದೇ ತರಬೇತಿ. ಸದ್ಯಕ್ಕೆ ಆ ಸಭೆಯ ಹೊತ್ತನ್ನು ಮೊಟ್ಟೆ, ಹಾಲು, ಸಮವಸ್ತ್ರದ ಅಂಕಿ-ಅಂಶಗಳು ನುಂಗುತ್ತವೆ.

ಹೈಸ್ಕೂಲಿನ ಸ್ಥಿತಿ ಬೇರೆ. ಪ್ರಶ್ನೆಪತ್ರಿಕೆ ಸಂಧಿಯ ಹೆಸರು ಕೇಳುವಷ್ಟು ದಿನ ಹತ್ತನೇ ತರಗತಿಯವರು ಹೆಸರನ್ನೇ ಉರುಹೊಡೆಸುತ್ತಾರೆ, ತಪ್ಪೆನ್ನಲಾಗದು. ಹಾಗಾಗಿ ಹೊಸ ಬಗೆಯ ತರಬೇತಿಗೆ ಮೊದಲು ಕರೆಯಬೇಕಾದದ್ದು ನಾಲ್ಕರಿಂದ ಏಳನೇ ತರಗತಿಗೆ ಕನ್ನಡ ಹೇಳಿಕೊಡುವವರನ್ನು. ಅಕ್ಷರ ದಾಟಿದ ಮಗು ಉದ್ದನೆಯ ವಾಕ್ಯಕ್ಕೆ ಕೈಹಾಕುವುದು, ತಪ್ಪುವುದು ಅಲ್ಲೇ.