ಹೆಪಾರಿನ್: ರಕ್ತ ಹೆಪ್ಪುಗಟ್ಟದಂತೆ ತಡೆಯುವುದಷ್ಟೇ ಅಲ್ಲ

ದೇಹದಿಂದ ಹೊರತೆಗೆದ ರಕ್ತ ಗಾಜಿನ ಕೊಳವೆಯಲ್ಲಿ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಆಮೇಲೆ ಅದರೊಳಗಿನ ಜೀವಕೋಶಗಳನ್ನು ಬಿಡಿಸಿ ತೆಗೆಯುವುದು ಆಗದ ಮಾತು. ಹಾಗಾಗಿ ರಕ್ತಕಣಗಳ ಮೇಲಿನ ಸಂಶೋಧನೆ ಶುರುವಾಗುವುದೇ ಹೆಪ್ಪುರೋಧಕದಿಂದ. ಅವುಗಳಲ್ಲಿ ಹೆಪಾರಿನ್‌ನಷ್ಟು ಬಗೆಬಗೆಯ ಕೆಲಸಕ್ಕೆ ಒದಗುವ ಇನ್ನೊಂದು ಸಿಗುವುದು ಕಷ್ಟ.

1916ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿ, ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುಗಳ ಹುಡುಕಾಟದಲ್ಲಿದ್ದ. ನಾಯಿಯ ಪಿತ್ತಜನಕಾಂಗದ ಸಾರದಲ್ಲಿ ಅವನಿಗೆ ಸಿಕ್ಕಿದ್ದು ತದ್ವಿರುದ್ಧ ಗುಣದ ವಸ್ತು. ಅಲ್ಲಿಂದ ಹೊರಟ ಹಾದಿಯೇ ಹೆಪಾರಿನ್‌ಗೆ ಬಂದು ಮುಟ್ಟಿತು. ಈಗ ಅದನ್ನು ಹೆಚ್ಚಾಗಿ ಹಂದಿಯ ಕರುಳಿನ ಒಳಪದರದಿಂದ ತೆಗೆಯುತ್ತಾರೆ.

ಹೆಪಾರಿನ್ ಎಂದರೆ ಸಕ್ಕರೆ ಘಟಕಗಳ ಉದ್ದನೆಯ ಸರಪಳಿ. ಅದರ ಮೈತುಂಬ ಸಲ್ಫೇಟ್ ಗುಂಪುಗಳು. ಅವುಗಳಿಂದಾಗಿ ವಿಪರೀತ ಋಣ ವಿದ್ಯುದಾವೇಶ. ರಕ್ತದಲ್ಲಿ ಮೊದಲೇ ಇರುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಅದರ ವೇಗವನ್ನು ಸುಮಾರು ಸಾವಿರ ಪಟ್ಟು ಹೆಚ್ಚಿಸುತ್ತದೆ. ಹೆಪ್ಪುಗಟ್ಟಿಸುವ ಥ್ರಾಂಬಿನ್ ಅಲ್ಲಿಗೆ ನಿಷ್ಕ್ರಿಯ.

ನೇರಳೆ ಮುಚ್ಚಳದ ಕೊಳವೆಯಲ್ಲಿರುವ ಇನ್ನೊಂದು ಹೆಪ್ಪುರೋಧಕ ಇಡಿಟಿಎ ಹಾಗಲ್ಲ. ಅದು ರಕ್ತದ ಕ್ಯಾಲ್ಸಿಯಂ ಅನ್ನೇ ಹಿಡಿದಿಡುತ್ತದೆ. ಕಣಗಳ ಎಣಿಕೆಗೆ ಇದು ಸೊಗಸು. ಕ್ರೋಮೋಸೋಮ್ ಪರೀಕ್ಷೆಯಲ್ಲಾದರೋ ಬಿಳಿ ರಕ್ತಕಣಗಳು ಸುಮಾರು ಮೂರು ದಿನ ಬದುಕಿದ್ದು ವಿಭಜನೆಯಾಗಬೇಕು. ಅದಕ್ಕೆ ಹೆಪಾರಿನ್ ಇರುವ ಹಸಿರು ಮುಚ್ಚಳದ ಕೊಳವೆಯೇ ಆಗಬೇಕು. ಇಲಿಯ ಹೃದಯವನ್ನು ಹೊರತೆಗೆದು, ಬೆಚ್ಚನೆಯ ಲವಣ ದ್ರಾವಣ ಹರಿಸುತ್ತ ಮಿಡಿಯುವಂತೆ ಮಾಡುವ ಪ್ರಯೋಗದಲ್ಲೂ ಮೊದಲು ಹೆಪಾರಿನ್ ಚುಚ್ಚುತ್ತಾರೆ. ಇಲ್ಲದಿದ್ದರೆ ಹೃದಯದ ಸಣ್ಣ ರಕ್ತನಾಳಗಳು ಕಟ್ಟಿಕೊಂಡುಬಿಡುತ್ತವೆ.

ನನ್ನನ್ನು ಹೆಚ್ಚು ಬೆರಗುಗೊಳಿಸುವುದು ರಕ್ತಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಬಳಕೆ. ಸಣ್ಣ ಮಣಿಗಳಿಗೆ ಹೆಪಾರಿನ್ ಅಂಟಿಸಿ, ಕೊಳವೆಯಲ್ಲಿ ತುಂಬಿ, ಮೇಲಿನಿಂದ ಪ್ರೋಟೀನುಗಳ ಮಿಶ್ರಣ ಸುರಿಯುತ್ತಾರೆ. ಹೆಪಾರಿನ್‌ನತ್ತ ಒಲವಿರುವ ಪ್ರೋಟೀನುಗಳು ಮಣಿಗೆ ಅಂಟುತ್ತವೆ, ಉಳಿದವು ಕೆಳಗಿಳಿಯುತ್ತವೆ. ಆಮೇಲೆ ಉಪ್ಪುನೀರು ಹಾಯಿಸಿ, ಉಪ್ಪಿನಂಶವನ್ನು ಏರಿಸುತ್ತ ಹೋದಂತೆ ಅಂಟಿಕೊಂಡವು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. 1984ರಲ್ಲಿ ಜೂಡಾ ಫೋಕ್‌ಮನ್ ಅವರ ಬಾಸ್ಟನ್ ತಂಡ, ರಕ್ತನಾಳಗಳ ಕೋಶಗಳನ್ನು ಬೆಳೆಸುವ ಅಂಶವೊಂದನ್ನು ಇಲಿಯ ಗಡ್ಡೆಯಿಂದ ಶುದ್ಧಗೊಳಿಸಿದ್ದು ಹೀಗೆಯೇ. ಸಮುದ್ರದ ನೀರಿಗಿಂತ ಸುಮಾರು ಎರಡೂವರೆ ಪಟ್ಟು ಉಪ್ಪು ಬೇಕಾಯಿತು, ಅಷ್ಟು ಗಟ್ಟಿಯಾದ ಹಿಡಿತ.

ಇದೇ ಗುಣ ಪಿಸಿಆರ್‌ಗೆ ಶತ್ರು. ಡಿಎನ್ಎ ಪ್ರತಿಗಳನ್ನು ತಯಾರಿಸುವ ಕಿಣ್ವದ ಕೆಲಸಕ್ಕೆ ಹೆಪಾರಿನ್ ಅಡ್ಡಿಮಾಡುತ್ತದೆ; ಮಾದರಿಯಲ್ಲಿ ವೈರಸ್ ಇದ್ದರೂ ಫಲಿತಾಂಶ 'ಇಲ್ಲ' ಎಂದು ಬರಬಹುದು. ಹೆಪಾರಿನೇಸ್ ಎಂಬ ಕಿಣ್ವ ಬಳಸಿ ಅದನ್ನು ಕತ್ತರಿಸಿಹಾಕಲು ಸಾಧ್ಯ. ಮೊದಲೇ ಇಡಿಟಿಎ ಕೊಳವೆ ಆರಿಸುವುದು ಇನ್ನೂ ಸುಲಭ. ಸಂಶೋಧನೆಗೆ ಕಾಲಿಡುತ್ತಿರುವ ವಿದ್ಯಾರ್ಥಿಗಳೇ, ಮಾದರಿಯ ಸಂಖ್ಯೆ, ದಿನಾಂಕದ ಜೊತೆಗೆ ಬಳಸಿದ ಹೆಪ್ಪುರೋಧಕ ಯಾವುದೆಂದೂ ದಯವಿಟ್ಟು ತಪ್ಪದೆ ಬರೆದಿಡಿ.