ಮುಂಬಯಿಯ ಸೂತಕ

ಸಾವು ಸಂಭವಿಸಿದ ಮನೆಯಲ್ಲಿ ಅಂದು ಒಲೆ ಹೊತ್ತುವುದಿಲ್ಲ. ನೆರೆಮನೆಯಿಂದ ಅನ್ನ ಬರುತ್ತದೆ. ದುಃಖಿತರು ಅಳಲಿಕ್ಕೂ ನೆಂಟರಿಷ್ಟರು ಬಂದು ಸಮಾಧಾನ ಹೇಳಲಿಕ್ಕೂ ಕೆಲವು ದಿನಗಳನ್ನು ನಮ್ಮ ಹಿರಿಯರು ಎತ್ತಿಟ್ಟಿದ್ದಾರೆ. ಈ ಪದ್ಧತಿಯಲ್ಲಿರುವ ವಿವೇಕವನ್ನು ನಾವು ಸಾಮಾನ್ಯವಾಗಿ ಆಲೋಚಿಸುವುದಿಲ್ಲ. ಆದರೆ ಒಂದು ಮಹಾನಗರಕ್ಕೇ ಸೂತಕ ಬಂದರೆ ಅದಕ್ಕೆ ಅನ್ನ ತಂದುಕೊಡುವ ನೆರೆಮನೆ ಯಾವುದು? ಅತ್ತು ಮುಗಿಸಲು ಅದಕ್ಕೆ ಎಷ್ಟು ದಿನಗಳ ಬಿಡುವು ಉಂಟು? 2008ನೆಯ ಇಸವಿ ನವೆಂಬರಿನಲ್ಲಿ ಮುಂಬಯಿಗೆ ಬಂದೊದಗಿದ ವಿಪತ್ತನ್ನು ನೆನೆದಾಗಲೆಲ್ಲ ಈ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಏಳುತ್ತದೆ.

ಮುಂಬಯಿ ನಮಗೆ ಪರಸ್ಥಳವಲ್ಲ. ಕರಾವಳಿಯಿಂದಲೂ ಉತ್ತರದ ಜಿಲ್ಲೆಗಳಿಂದಲೂ ಹೊಟ್ಟೆಯ ಪಾಡಿಗಾಗಿ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡ ಕುಟುಂಬಗಳು ಅಸಂಖ್ಯ. ಉಡುಪಿಯವರ ಉಪಾಹಾರಗೃಹಗಳಿಲ್ಲದ ಮುಂಬಯಿಯನ್ನು ಊಹಿಸುವುದೇ ಕಷ್ಟ. ಆದುದರಿಂದ ಅಲ್ಲಿ ಬಿದ್ದ ಪೆಟ್ಟು ಇಲ್ಲಿನ ಮನೆಗಳಿಗೂ ತಾಗಿತು.

ನವೆಂಬರ್ 26ರ ಬುಧವಾರ ರಾತ್ರಿ ಹತ್ತು ಮಂದಿ ಶಸ್ತ್ರಧಾರಿಗಳು ಪಾಕಿಸ್ತಾನದಿಂದ ಸಮುದ್ರಮಾರ್ಗವಾಗಿ ಬಂದು ಕೊಲಾಬದ ದಡದಲ್ಲಿ ಇಳಿದರು. ಅನಂತರ ಅವರು ಛತ್ರಪತಿ ಶಿವಾಜಿ ರೈಲು ನಿಲ್ದಾಣ, ಲಿಯೊಪೋಲ್ಡ್ ಕೆಫೆ, ತಾಜ್ ಮತ್ತು ಒಬೆರಾಯ್ ಹೋಟೆಲುಗಳು, ಕಾಮಾ ಆಸ್ಪತ್ರೆ, ಯೆಹೂದ್ಯರ ನಾರಿಮನ್ ಹೌಸ್ ಮುಂತಾದೆಡೆಗಳಲ್ಲಿ ನಡೆಸಿದ ಹತ್ಯೆ 29ರ ಬೆಳಗಿನವರೆಗೂ ಮುಂದುವರಿಯಿತು. ಮಡಿದ ನಿರಪರಾಧಿಗಳೂ ರಕ್ಷಕರೂ ಸೇರಿ 166 ಮಂದಿ. ಗುಂಡಿಗೆ ಹಿಂದೂ, ಮುಸಲ್ಮಾನ, ಕ್ರೈಸ್ತ, ಯೆಹೂದ್ಯ ಎಂಬ ಭೇದವಿರಲಿಲ್ಲ. ನಿಲ್ದಾಣದಲ್ಲಿ ಸತ್ತವರಲ್ಲಿ ಅನೇಕರು ಗಂಟುಮೂಟೆಗಳೊಡನೆ ದೂರದೂರಿನ ಗಾಡಿಗಾಗಿ ಕಾದು ಕುಳಿತಿದ್ದ ಬಡ ಪ್ರಯಾಣಿಕರು.

ಆ ರಾತ್ರಿ ಸಾಮಾನ್ಯರು ತೋರಿದ ಧೈರ್ಯವನ್ನು ಇಲ್ಲಿ ಹೇಳದೆ ಇರಲಾಗದು. ನಿಲ್ದಾಣದಲ್ಲಿ ಗಾಡಿಗಳ ಹೊತ್ತನ್ನು ಸಾರುವ ನೌಕರರೊಬ್ಬರು ತಮ್ಮ ಕೋಣೆಯನ್ನು ಬಿಡದೆ, ಯಾವ ಕಡೆಗೆ ಹೋಗಬಾರದು, ಯಾವ ಬಾಗಿಲಿನಿಂದ ಹೊರಬೀಳಬೇಕು ಎಂದು ಮತ್ತೆ ಮತ್ತೆ ಕೂಗಿ ಹೇಳಿ ಅನೇಕರ ಪ್ರಾಣವನ್ನು ಉಳಿಸಿದರು. ಕಾಮಾ ಆಸ್ಪತ್ರೆಯ ದಾದಿಯೊಬ್ಬರು ಸುಮಾರು 20 ಮಂದಿ ಗರ್ಭಿಣಿಯರನ್ನು ಒಂದು ಚಿಕ್ಕ ಕೋಣೆಗೆ ಸಾಗಿಸಿ ಕಾಪಾಡಿದರು. ತಾಜಿನ ಸೇವಕವರ್ಗದವರು ಅತಿಥಿಗಳನ್ನು ಬಿಟ್ಟು ಓಡದೆ ಅವರಿಗೆ ಅಡ್ಡವಾಗಿ ನಿಂತರು. ಗಿರಗಾಂವ್ ಚೌಪಾಟಿಯ ಬಳಿ ಪೋಲೀಸ್ ಅಧಿಕಾರಿ ತುಕಾರಾಂ ಓಂಬಳೆಯವರು ಕೈಯಲ್ಲಿ ಬರಿಯ ಲಾಠಿಯಿದ್ದಾಗ್ಯೂ, ಹಂತಕನ ಬಂದೂಕಿನ ನಳಿಗೆಯನ್ನೇ ಹಿಡಿದು, ಗುಂಡುಗಳನ್ನೆಲ್ಲ ತಮ್ಮ ದೇಹದಲ್ಲಿ ತಡೆದರು. ಹತ್ತು ಮಂದಿಯಲ್ಲಿ ಅಜ್ಮಲ್ ಕಸಬ್ ಎಂಬವನೊಬ್ಬನು ಜೀವಸಹಿತ ಸೆರೆಸಿಕ್ಕಿದ್ದು ಇದರಿಂದಲೇ. ತಾಜಿನೊಳಗೆ ಹೋರಾಡಿ ಮಡಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನಲ್ಲಿ ಬೆಳೆದವರು, ವಯಸ್ಸು 31. ಅವರ ಅಂತ್ಯಯಾತ್ರೆಯಂದು ಆ ನಗರವೇ ಬೀದಿಗೆ ಬಂದಿತ್ತು. ಇಂದಿಗೂ ಯಲಹಂಕದ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ನವೆಂಬರ್ 27ರಂದು ಶಾಲೆಗಳೂ ಷೇರುಪೇಟೆಯೂ ಮುಚ್ಚಿದ್ದವು. ಆದರೆ ರಕ್ತವನ್ನು ತೊಳೆದ ಆ ನಿಲ್ದಾಣದಿಂದ ಬೆಳಿಗ್ಗೆಯೇ ಗಾಡಿಗಳು ಹೊರಟವು. ಲಿಯೊಪೋಲ್ಡ್ ಕೆಲವೇ ದಿನಗಳಲ್ಲಿ ಬಾಗಿಲು ತೆರೆಯಿತು. ಗೋಡೆಯ ಗುಂಡಿನ ಗುರುತುಗಳನ್ನು ಅಳಿಸದೆ ಉಳಿಸಿಕೊಂಡಿತು. ತಾಜಿನ ಒಂದು ಭಾಗ ಡಿಸೆಂಬರ್ 21ರಂದೂ, ಬೆಂಕಿಗೆ ಸಿಕ್ಕಿದ ಹಳೆಯ ಭಾಗ 2010ನೆಯ ಆಗಸ್ಟ್ 15ರಂದೂ ತೆರೆದವು. ಇದನ್ನು ಕಂಡು ಲೋಕವು ಮುಂಬಯಿಯ ಎದೆಗಾರಿಕೆಯನ್ನು ಕೊಂಡಾಡಿತು. 1993ರ ಸ್ಫೋಟಗಳಲ್ಲಿ 257 ಮಂದಿ ಸತ್ತಾಗಲೂ, 2006ನೆಯ ಜುಲೈ 11ರ ಸಂಜೆ ರೈಲುಗಾಡಿಗಳಲ್ಲಿ ಸ್ಫೋಟಗಳಾದಾಗಲೂ ಇದೇ ಹೊಗಳಿಕೆ ಕೇಳಿಬಂದಿತ್ತು.

ಈ ಹೊಗಳಿಕೆ ಸುಳ್ಳಲ್ಲ. ಆದರೆ ಪೂರ್ಣ ಸತ್ಯವೂ ಅಲ್ಲವೆಂದು ನಾವು ತಿಳಿಯುತ್ತೇವೆ. ದಿನಗೂಲಿಯ ಮನುಷ್ಯನು ಮರುದಿನ ಗಾಡಿ ಹತ್ತಿದ್ದು ಅವನಿಗೆ ಭಯವಿಲ್ಲದುದರಿಂದಲ್ಲ. ಹತ್ತದಿದ್ದರೆ ಸಂಜೆ ಮನೆಯಲ್ಲಿ ಒಲೆ ಹೊತ್ತುವಂತಿರಲಿಲ್ಲ. ಸೂತಕವನ್ನು ಆಚರಿಸುವ ಬಿಡುವು ಸಹ ಬಡವನಿಗೆ ದುರ್ಲಭ. ಅನಿವಾರ್ಯವನ್ನು ಶೌರ್ಯವೆಂದು ಕರೆದು ಬೆನ್ನು ತಟ್ಟಿಬಿಟ್ಟರೆ, ರಕ್ಷಿಸಬೇಕಾದವರ ಹೊಣೆ ಹಗುರವಾಗುತ್ತದೆ. ಮುಂಬಯಿಯ ಜನ ಇದನ್ನು ಅರಿತರು. ಡಿಸೆಂಬರ್ 3ರ ಸಂಜೆ ಗೇಟ್‌ವೇ ಆಫ್ ಇಂಡಿಯಾದ ಮುಂದೆ ಮೊಂಬತ್ತಿ ಹಿಡಿದು ನೆರೆದ ಸಾವಿರಾರು ಜನರು ಅತ್ತುದಷ್ಟೇ ಅಲ್ಲ, ಲೆಕ್ಕವನ್ನೂ ಕೇಳಿದರು. ಕೇಂದ್ರದ ಗೃಹಮಂತ್ರಿಗಳೂ ಮಹಾರಾಷ್ಟ್ರದ ಮುಖ್ಯಮಂತ್ರಿಗಳೂ ಅಧಿಕಾರವನ್ನು ಬಿಟ್ಟರು. ರಾಷ್ಟ್ರೀಯ ತನಿಖಾ ಸಂಸ್ಥೆಗಾಗಿ ಆ ತಿಂಗಳಲ್ಲೇ ಕಾಯಿದೆಯಾಯಿತು. ದೆಹಲಿಯ ಬಳಿಯಿಂದ ಬರಬೇಕಾಗಿದ್ದ ವಿಶೇಷ ರಕ್ಷಣಾದಳಕ್ಕೆ 2009ರಲ್ಲಿ ಮುಂಬಯಿಯಲ್ಲಿಯೇ ನೆಲೆ ದೊರೆಯಿತು.

ಅದಕ್ಕಿಂತಲೂ ದೊಡ್ಡದೆಂದು ನಮಗೆ ತೋರುವ ಸಂಗತಿ ಬೇರೊಂದುಂಟು. ಕೋಪವು ನೆರೆಯವನ ಮೇಲೆ ತಿರುಗಲಿಲ್ಲ. ಸತ್ತ ಒಂಬತ್ತು ಮಂದಿ ಹಂತಕರ ಶವಗಳಿಗೆ ತಮ್ಮ ಸ್ಮಶಾನದಲ್ಲಿ ಎಡೆಯಿಲ್ಲವೆಂದು ಮುಸಲ್ಮಾನರ ಬಡಾ ಕಬ್ರಸ್ತಾನದ ಧರ್ಮದರ್ಶಿಗಳು ಸ್ಪಷ್ಟವಾಗಿ ಹೇಳಿದರು. ಸೆರೆಸಿಕ್ಕಿದವನನ್ನು ಜನರ ಕೈಗೆ ಕೊಡದೆ, ಅವನಿಗೂ ವಕೀಲರನ್ನು ಒದಗಿಸಿ, ಸರ್ವೋಚ್ಚ ನ್ಯಾಯಾಲಯದವರೆಗೂ ವಿಚಾರಣೆ ನಡೆದು, 2012ನೆಯ ನವೆಂಬರ್ 21ರಂದು ಗಲ್ಲಿನ ಶಿಕ್ಷೆ ಜಾರಿಯಾಯಿತು. ಹಂತಕರು ಬಯಸಿದ್ದು ನಮ್ಮೊಳಗಿನ ಒಡಕನ್ನು. ಅದು ಅವರಿಗೆ ದೊರೆಯಲಿಲ್ಲ.

ಅನ್ನ ತಂದ ನೆರೆಮನೆಯೂ ಇರಲಿಲ್ಲವೆಂದಲ್ಲ. ತಾನೇ ಬೆಂದುಹೋಗಿದ್ದ ತಾಜ್ ಸಂಸ್ಥೆಯು ಅದೇ ಡಿಸೆಂಬರಿನಲ್ಲಿ ಒಂದು ಧರ್ಮನಿಧಿಯನ್ನು ಏರ್ಪಡಿಸಿ, ತನ್ನ ನೌಕರರಿಗೆ ಮಾತ್ರವಲ್ಲದೆ ಹೊರಗಿನ ಬಡ ಸಂತ್ರಸ್ತರಿಗೂ ನೆರವಾಯಿತು.

ನಮ್ಮ ಗೃಹಸ್ಥರು ಇದರಿಂದ ಕಲಿಯುವುದೇನು? ಇಂತಹ ವಿಪತ್ತಿನ ಸುದ್ದಿ ಬಂದಾಗ ಕೇಳಿದುದನ್ನೆಲ್ಲ ಮುಂದಕ್ಕೆ ಹಬ್ಬಿಸದಿರುವುದು ಮೊದಲನೆಯ ಕರ್ತವ್ಯ. ಮಕ್ಕಳ ಮುಂದೆ ಒಂದು ಮತದವರನ್ನೇ ನಿಂದಿಸದಿರುವುದು ಎರಡನೆಯದು. ಮೂರನೆಯದು ಎಲ್ಲಕ್ಕಿಂತ ಕಷ್ಟ: ನೋಡಲು ಬಂದವರೆಲ್ಲರೂ ಹಿಂದಿರುಗಿದ ಮೇಲೆ, ಮೂರನೆಯ ತಿಂಗಳಿನಲ್ಲಿ, ಮೂರನೆಯ ವರ್ಷದಲ್ಲಿ, ದುಃಖದ ಮನೆಯ ಬಾಗಿಲನ್ನು ತಟ್ಟುವುದು. ನಗರವು ಮರುದಿನವೇ ಎದ್ದು ನಡೆಯಬಲ್ಲದು. ಮಗನನ್ನು ಕಳೆದುಕೊಂಡ ತಾಯಿಯ ಸೂತಕವು ಹತ್ತು ದಿನಗಳಿಗೆ ಮುಗಿಯುವುದಿಲ್ಲ.